ಹೊಸ ಕಾಯ್ದೆ ಬಂದರೆ ಬೆಟ್ಟದ ಮೇಲಿನ ತಂತಿ ಯಾರ ಹೊಣೆ?

ಪ್ರಶ್ನೆ: ಕಕ್ಕಬ್ಬೆ ಬೆಳೆಗಾರ್ತಿ

ಎಲ್ಲರಿಗೂ ನಮಸ್ಕಾರ. ನಾನು ಕೊಡಗಿನ ಕಕ್ಕಬ್ಬೆ ಕಡೆಯವಳು. ನಾಲ್ಕೂವರೆ ಎಕರೆ ರೊಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು, ತೋಟದ ಕೆಳಗೆ ಒಂದಿಷ್ಟು ಗದ್ದೆ. ಮನೆಯಲ್ಲಿ ಅತ್ತೆ, ನಾನು, ಪಿಯುಸಿ ಓದುವ ಮಗಳು. ಕಾನೂನು ಓದಿದವಳಲ್ಲ. ಆದರೂ ಕರೆಂಟಿನ ವಿಷಯದಲ್ಲಿ ಬಹಳ ದಿನಗಳಿಂದ ಮನಸ್ಸನ್ನು ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ತಿಳಿದವರ ಮುಂದೆ ಇಡಬೇಕು ಎನಿಸಿದೆ.

ನಮ್ಮ ಅಡುಗೆಮನೆಯ ಬಾಗಿಲ ಪಕ್ಕ ಒಂದು ಮೊಳೆಗೆ ನೋಟ್‌ಬುಕ್ ನೇತುಹಾಕಿದೆ. ಮಾವ ಇದ್ದಾಗ ಶುರುವಾದದ್ದು. ದಿನವೂ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕ ನೋಡಿ ಇಂಚು, ಸೆಂಟು (ನೂರು ಸೆಂಟು ಸೇರಿದರೆ ಒಂದು ಇಂಚು) ಬರೆದಿಡುತ್ತಿದ್ದರು. ಕೊಡಗಿನ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಅವರು ತೀರಿಕೊಂಡ ಮೇಲೆ ನಾನು ಮುಂದುವರಿಸಿದೆ. ಮೂರು ವರ್ಷದ ಹಿಂದೆ ಅದೇ ಪುಟದ ಬಲಗಡೆ ಗೆರೆ ಎಳೆದು ಇನ್ನೊಂದು ಅಂಕಣ ಮಾಡಿದೆ: ಕರೆಂಟ್ ಎಷ್ಟು ಗಂಟೆಗೆ ಹೋಯಿತು, ಎಷ್ಟು ಗಂಟೆಗೆ ಬಂತು. ಮಳೆಗಾಲದಲ್ಲಿ ಕಾಗದಕ್ಕೆ ತಂಡಿ ಹಿಡಿದು ಶಾಯಿ ಹರಡುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಟಗಳೆಲ್ಲ ಪೆನ್ಸಿಲ್‌ನಲ್ಲಿವೆ.

ಈ ವರ್ಷದ, ಅಂದರೆ 2025ರ ಜುಲೈ ಪುಟ ಈಗ ನನ್ನ ಮುಂದಿದೆ. ಇಡೀ ದಿನ ಕರೆಂಟ್ ಕೈಕೊಡದೆ ಇದ್ದದ್ದು ತಿಂಗಳಿನಲ್ಲಿ 9 ದಿನ. 17ರ ಸಂಜೆ ಹೋದದ್ದು 23ರ ಮಧ್ಯಾಹ್ನ ಬಂತು. ಆ ಆರು ದಿನ ಬಾವಿಯಿಂದ ಕೊಡಪಾನದಲ್ಲಿ ನೀರು ಸೇದಿ ತಂದೆವು. ಮೊಬೈಲ್ ಚಾರ್ಜ್ ಮಾಡಿಸಲು ಮಗಳು ನಾಪೋಕ್ಲುವಿಗೆ ಬಸ್ ಹತ್ತಿ ಹೋಗಿ ಬಂದಳು. ಅತ್ತೆಗೆ ರಾತ್ರಿ ಉಬ್ಬಸಕ್ಕೆ ಹಬೆ ಕೊಡುವ ಯಂತ್ರವಿದೆ, ಅದು ಮಂಚದ ಕೆಳಗೆ ಸುಮ್ಮನೆ ಬಿದ್ದಿತ್ತು. ಕಂಬ ಹತ್ತುವ ಹುಡುಗರ ಮೇಲೆ ನನಗೆ ಕಿಂಚಿತ್ತೂ ಸಿಟ್ಟಿಲ್ಲ. ಕಕ್ಕಡ ತಿಂಗಳ ಮಳೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ, ಜಿಗಣೆ ಕಚ್ಚಿಸಿಕೊಂಡು, ಮುರಿದು ಬಿದ್ದ ಸಿಲ್ವರ್ ಓಕ್ ಕಡಿದು ತಂತಿ ಎತ್ತುವುದನ್ನು ನಾನೇ ನಿಂತು ನೋಡಿದ್ದೇನೆ. ಇಷ್ಟು ದೊಡ್ಡ ಪ್ರದೇಶಕ್ಕೆ ಅವರು ಎಷ್ಟು ಜನ? ಮೂವರು.

ಇನ್ನು ಪಂಪಿನ ಕಥೆ. ಕೆರೆಯ ದಡದಲ್ಲಿ ಹತ್ತು ಎಚ್‌ಪಿ ಮೋಟರ್ ಇದೆ. ಅದು ಓಡುವುದು ಫೆಬ್ರವರಿ, ಮಾರ್ಚ್ ಸೇರಿ ಹೆಚ್ಚೆಂದರೆ ಇಪ್ಪತ್ತು ದಿನ, ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಹೋದರೆ ಸ್ಪ್ರಿಂಕ್ಲರ್‌ಗೆ. ನಿಗದಿತ ಶುಲ್ಕ ಮಾತ್ರ ಹನ್ನೆರಡು ತಿಂಗಳೂ ಬರುತ್ತದೆ. 2024ರ ಮಾರ್ಚ್‌ನಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೊಗ್ಗು ಮೇಣದಬತ್ತಿಯ ಹಾಗೆ ನೆಟ್ಟಗೆ ನಿಂತಿತ್ತು, ಇನ್ನು ತಡೆಯುವ ಹಾಗಿರಲಿಲ್ಲ. ರಾತ್ರಿ ಹತ್ತಕ್ಕೆ ತ್ರೀ ಫೇಸ್ ಬಂತು, ಜೆಟ್ ತಿರುಗತೊಡಗಿತು. ಜೆಟ್ ನಿಲ್ಲಿಸಿದ ಒಂದೊಂದು ಜಾಗಕ್ಕೆ ಒಂದೂವರೆ ಇಂಚು ನೀರಾದರೂ ಬೀಳಬೇಕು. ಹನ್ನೆರಡೂ ಇಪ್ಪತ್ತಕ್ಕೆ ಕರೆಂಟ್ ಹೋಯಿತು. ಪೈಪಿನ ಕೊನೆಯಲ್ಲಿ ನೀರು ಉಸಿರೆಳೆದ ಹಾಗೆ ಸದ್ದು ಮಾಡಿ ನಿಂತಿತು. ಟಾರ್ಚ್ ಹಿಡಿದು ಗಿಡದ ಬುಡದಲ್ಲಿ ಬೆರಳು ಹಾಕಿ ನೋಡಿದೆ: ಎರಡು ಬೆರಳ ಗೆಣ್ಣಿನಷ್ಟು ಮಾತ್ರ ತೇವ, ಅದರ ಕೆಳಗೆ ಬೂದಿಯಂತಹ ಒಣ ಮಣ್ಣು. ಮಾರನೆಯ ದಿನವೂ ಕರೆಂಟ್ ಬರಲಿಲ್ಲ. ಅರ್ಧ ನೀರು ಕುಡಿದ ಆ ಒಂದು ಎಕರೆಯಲ್ಲಿ ಮೊಗ್ಗು ಸರಿಯಾಗಿ ಅರಳದೆ ಕಂದಿಹೋಯಿತು. ಪಕ್ಕದ ಎಕರೆಗೆ ಡೀಸೆಲ್ ಪಂಪ್ ಬಾಡಿಗೆಗೆ ತಂದು ಹೊಡೆಸಿದೆ. ಅಲ್ಲಿ ಮಲ್ಲಿಗೆಯ ಹಾಗೆ ಬಿಳಿ ಹೂ. ನಡುವೆ ಗೆರೆ ಎಳೆದಂತಿತ್ತು.

ಈಗ ಪ್ರಶ್ನೆಗೆ ಬರುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಕಾಯ್ದೆಯ ತಿದ್ದುಪಡಿಗೆ ಕರಡು ಹೊರಡಿಸಿದೆ, ಒಂದೇ ಊರಿನಲ್ಲಿ ಎರಡು ಮೂರು ಕಂಪನಿಗಳು ಕರೆಂಟ್ ಮಾರಬಹುದು ಎಂದು ಪತ್ರಿಕೆಯಲ್ಲಿ ಓದಿದೆ. ಮೆಣಸು ಕೊಡಲು ಹೋದ ಅಂಗಡಿಯಲ್ಲಿ ಒಬ್ಬರು ಬಹಳ ಸಂತೋಷದಿಂದ ಹೇಳಿದರು: ಇನ್ನು ಸಿಮ್ ಬದಲಿಸಿದ ಹಾಗೆ ಕರೆಂಟ್ ಕಂಪನಿ ಬದಲಿಸಬಹುದು ಎಂದು. ನನಗೆ ಆ ಮಾತು ಸಮಾಧಾನ ಕೊಡಲಿಲ್ಲ. ಸಿಮ್ ಮೂರು ನಾಲ್ಕು ಕಂಪನಿಗಳದ್ದು ಸಿಗುತ್ತದೆ. ನಮ್ಮ ಅಂಗಳಕ್ಕೆ ಸಿಗ್ನಲ್ ಬರುವುದು ಒಂದರದ್ದು ಮಾತ್ರ, ಅದೂ ಕಿತ್ತಳೆ ಗಿಡದ ಬಳಿ ನಿಂತರೆ.

ಇಪ್ಪತ್ತೈದು ವರ್ಷಗಳಿಂದ ಸುಧಾರಣೆ ಎಂಬ ಮಾತು ಕೇಳುತ್ತಿದ್ದೇನೆ. ವಿದ್ಯುತ್ ಮಂಡಳಿ (ಕೆಇಬಿ) ಹೋಗಿ ನಿಗಮ ಬಂತು, ನಿಗಮ ಒಡೆದು ಕಂಪನಿಗಳಾದವು. ನಮ್ಮೂರಿನಲ್ಲಿ ಎಲ್ಲರೂ ಈಗಲೂ ಕೆಇಬಿ ಎಂದೇ ಹೇಳುತ್ತಾರೆ, ಏಕೆಂದರೆ ನಮಗೆ ಕಾಣುವ ಕಂಬ ಅದೇ, ತಂತಿ ಅದೇ. ಇಷ್ಟೆಲ್ಲ ಬದಲಾವಣೆ ನಮ್ಮಂತಹ ಜಾಗಕ್ಕೆ ಏನು ಕೊಟ್ಟಿತು? ಹೊಸದು ಬಂದರೆ ಈ ಬೆಟ್ಟದ ತಂತಿಯನ್ನು ಎತ್ತಿ ನಿಲ್ಲಿಸುವುದು ಯಾರ ಕೆಲಸ? ಮೈಸೂರಿನಲ್ಲಿ ದರ ವಿಚಾರಣೆ ನಡೆಯುತ್ತದಂತೆ, ಅಲ್ಲಿಗೆ ನನ್ನಂತಹವಳು ಹೋಗಿ ಮಾತನಾಡಿದರೆ ಪ್ರಯೋಜನವಿದೆಯೇ?

ಉತ್ತರ: ನಿವೃತ್ತ ಎಂಜಿನಿಯರ್, ಕುಶಾಲನಗರ

ತಂಗಿ, ಮೂವತ್ತೊಂದು ವರ್ಷ ಇದೇ ಕೆಲಸದಲ್ಲಿದ್ದವನು ನಾನು. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮ್ಮ ನೋಟ್‌ಬುಕ್ಕಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಅದು ನೀವು ಅಂದುಕೊಂಡದ್ದಕ್ಕಿಂತ ದೊಡ್ಡ ವಸ್ತು.

ಮೊದಲು ಒಂದು ಮಾತು. ಕರೆಂಟ್ ಬೇರೆ, ತಂತಿ ಬೇರೆ. ಸುಧಾರಣೆಗಳೆಲ್ಲ ಮುಟ್ಟಿದ್ದು ಹೆಚ್ಚಾಗಿ ಕರೆಂಟನ್ನು. ನಮ್ಮ ರಾಜ್ಯದ ಸುಧಾರಣಾ ಕಾಯ್ದೆ 1999ರದ್ದು. ಆ ವರ್ಷ ಮಂಡಳಿಯ ಜಾಗದಲ್ಲಿ ನಿಗಮ ಬಂತು, ದರ ನಿಗದಿ ಮಾಡಲು ಆಯೋಗ ಬಂತು. 2002ರಲ್ಲಿ ವಿತರಣೆ ಬೇರೆಯಾಗಿ ನಾಲ್ಕು ಕಂಪನಿಗಳಾದವು, 2005ರಲ್ಲಿ ಐದನೆಯದು. ನಡುವೆ 2003ರಲ್ಲಿ ಇಡೀ ದೇಶಕ್ಕೆ ವಿದ್ಯುತ್ ಕಾಯ್ದೆ ಬಂತು. ಉತ್ಪಾದನೆಗೆ ಪರವಾನಗಿ ಬೇಡ ಎಂದಿತು, ದೊಡ್ಡ ಗ್ರಾಹಕರು ತಮಗೆ ಬೇಕಾದವರಿಂದ ಕೊಳ್ಳಬಹುದು ಎಂದಿತು, ಕರೆಂಟಿನ ವ್ಯಾಪಾರಕ್ಕೆ ದಾರಿ ತೆರೆಯಿತು. 2008ರಲ್ಲಿ ಕರೆಂಟ್ ಕೊಂಡು ಮಾರುವ ವಿದ್ಯುತ್ ವಿನಿಮಯ ಕೇಂದ್ರಗಳು ಶುರುವಾದವು. ಅಲ್ಲಿ ದಿನವನ್ನು ಹದಿನೈದು ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಬೆಲೆ ಕಟ್ಟುತ್ತಾರೆ. ಮಧ್ಯಾಹ್ನ ಬಿಸಿಲಿನ ಹೊತ್ತು ಅಗ್ಗ, ಸಂಜೆ ದೀಪ ಹಚ್ಚುವ ಹೊತ್ತು ದುಬಾರಿ. ನಾಳೆಯ ಕರೆಂಟನ್ನು ಇಂದೇ ಕೊಳ್ಳುವ ದಿನಮುಂಚಿತ ಮಾರುಕಟ್ಟೆಯಲ್ಲಿ ಯೂನಿಟ್‌ಗೆ 10 ರೂಪಾಯಿ ದಾಟಬಾರದು ಎಂಬ ಮಿತಿಯೂ ಇದೆ.

ಇದರಿಂದ ಒಳ್ಳೆಯದಾಗಿಲ್ಲ ಎಂದು ನಾನು ಹೇಳುವುದಿಲ್ಲ. ತೊಂಬತ್ತರ ದಶಕದ ಲೋಡ್ ಶೆಡ್ಡಿಂಗ್ ದಿನಗಳಲ್ಲಿ ಜನ ಸೆಕ್ಷನ್ ಆಫೀಸಿನ ಮುಂದೆ ಕುಳಿತು ಕೂಗುತ್ತಿದ್ದರು, ನಮ್ಮ ಬಳಿ ಹಂಚಲು ಕರೆಂಟೇ ಇರುತ್ತಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿತು. ಅಂದಿನಿಂದ ಉತ್ತರದಲ್ಲಿ ಮಿಕ್ಕದ್ದನ್ನು ಇಲ್ಲಿ ಕೊಳ್ಳುವುದು ಹೆಚ್ಚು ಸುಲಭವಾಯಿತು. ಪಾವಗಡದಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ನಿಂತಿತು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದಿದ್ದಾಗ, ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಇಲ್ಲಿನ ಖಾಸಗಿ ಉತ್ಪಾದಕರು ಹೊರಗೆ ಮಾರದೆ ರಾಜ್ಯಕ್ಕೇ ಕೊಡಬೇಕು ಎಂದು ಆದೇಶಿಸಿತು. ಕರೆಂಟ್ ಸಾಲದೆ ಬಂದಾಗ ಮಾರುಕಟ್ಟೆಯನ್ನು ಬದಿಗಿಟ್ಟು ಸರ್ಕಾರವೇ ಕೈಹಾಕಬೇಕಾಯಿತು, ಇದನ್ನು ಮರೆಯಬಾರದು.

ಆದರೆ ನಿಮ್ಮ ಜುಲೈ ಪುಟದ ಆರು ದಿನ ಕರೆಂಟಿನ ಕೊರತೆಯಿಂದ ಆದದ್ದಲ್ಲ. ಜಲಾಶಯ ತುಂಬುವ ಹೊತ್ತಿನಲ್ಲೇ ನಿಮಗೆ ಕರೆಂಟ್ ಇರುವುದಿಲ್ಲ. ಅದು ತಂತಿಯ ರೋಗ, ಆ ರೋಗಕ್ಕೆ ಯಾವ ವಿನಿಮಯ ಕೇಂದ್ರದಲ್ಲೂ ಮದ್ದು ಸಿಗುವುದಿಲ್ಲ. ವಿತರಣಾ ಕಂಪನಿಯ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲು ಕರೆಂಟ್ ಕೊಳ್ಳಲು ಹೋಗುತ್ತದೆ. ಉಳಿದದ್ದರಲ್ಲಿ ಸಂಬಳ, ಬಡ್ಡಿ, ಆಮೇಲೆ ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್). ಮೈಸೂರಿನ ಒಂದು ಬಡಾವಣೆಯಲ್ಲಿ ಒಂದು ಕಿಲೋಮೀಟರ್ ತಂತಿ ಎಳೆದರೆ ನೂರಾರು ಮೀಟರ್ ಸಿಗುತ್ತದೆ. ನಿಮ್ಮ ಕಡೆ ಅಷ್ಟೇ ತಂತಿಗೆ ಐದಾರು ಮನೆ, ಅದೂ ಕಾಡು ದಾಟಿ. ಲೆಕ್ಕ ನೋಡುವವನ ಕಣ್ಣಿಗೆ ನಿಮ್ಮ ಫೀಡರ್, ಅಂದರೆ ನಿಮ್ಮ ಕಡೆಗೆ ಕರೆಂಟ್ ತರುವ ಮಾರ್ಗ, ಯಾವಾಗಲೂ ನಷ್ಟದ ಬಾಬತ್ತು.

ಹಾಗಿದ್ದೂ ಮನೆ ಬಳಕೆಗೆ ನಿಮಗೂ ಬೆಂಗಳೂರಿನ ಫ್ಲ್ಯಾಟಿನವರಿಗೂ ಒಂದೇ ದರ. 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಮಂಜೂರಾದ ಲೋಡಿನ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ ಎಂದು ಗೊತ್ತುಮಾಡಿದ್ದರು. ಇದು ಹೇಗೆ ಸಾಧ್ಯ? ದೊಡ್ಡ ಊರಿನ, ದೊಡ್ಡ ಬಳಕೆಯ ಗ್ರಾಹಕರಿಂದ ಸ್ವಲ್ಪ ಹೆಚ್ಚು ಬರುತ್ತದೆ, ಹಳ್ಳಿ ಹೆಚ್ಚಿರುವ ಕಂಪನಿಗಳಿಗೆ ಅಗ್ಗದ ಜಲವಿದ್ಯುತ್ತನ್ನು ಹೆಚ್ಚಾಗಿ ಹಂಚುತ್ತಾರೆ, ಸರ್ಕಾರದ ಸಹಾಯಧನ ಬರುತ್ತದೆ. ಈ ಮೂರು ಹಗ್ಗ ಸೇರಿ ನಿಮ್ಮ ಕಂಬವನ್ನು ಹಿಡಿದು ನಿಲ್ಲಿಸಿವೆ. 2025ರ ಕರಡು ಮೊದಲ ಹಗ್ಗದ ಎಳೆ ಬಿಚ್ಚುತ್ತದೆ. ಕಾರ್ಖಾನೆ, ರೈಲ್ವೆ, ಮೆಟ್ರೊಗಳ ಮೇಲಿರುವ ಅಡ್ಡ ಸಹಾಯಧನದ ಭಾರವನ್ನು, ಅಂದರೆ ಬೇರೆಯವರ ದರ ಇಳಿಸಲು ಅವರು ಹೆಚ್ಚಾಗಿ ಕಟ್ಟುವುದನ್ನು, ಐದು ವರ್ಷಗಳಲ್ಲಿ ಇಳಿಸಬೇಕು ಎನ್ನುತ್ತದೆ. ಒಂದೇ ತಂತಿಯ ಮೇಲೆ ಹಲವು ಕಂಪನಿಗಳು ಮಾರಲು ಬಿಡುತ್ತದೆ. ಹೊಸದಾಗಿ ಬರುವವರು ಕಕ್ಕಬ್ಬೆಯ ನಾಲ್ಕೂವರೆ ಎಕರೆಯ ಪಂಪನ್ನು ಹುಡುಕಿಕೊಂಡು ಬರುವುದಿಲ್ಲ, ಒಂದು ಮೀಟರಿನಲ್ಲಿ ಸಾವಿರಾರು ಯೂನಿಟ್ ಓಡುವಲ್ಲಿಗೆ ಹೋಗುತ್ತಾರೆ. ಮುಂಬೈ ಉಪನಗರಗಳಲ್ಲಿ 2009ರಿಂದ ಒಂದು ಕಂಪನಿಯ ತಂತಿಯಲ್ಲಿ ಇನ್ನೊಂದು ಕಂಪನಿಯ ಕರೆಂಟ್ ಓಡುತ್ತಿದೆ, ಅಲ್ಲಿ ಅದು ನಡೆಯುತ್ತದೆ. ಅಲ್ಲಿ ಮನೆಗಳು ಒಂದರ ಮೇಲೊಂದು ಇವೆ.

ತಂತಿಯ ಹೊಣೆ ಯಾರದ್ದು ಎಂದು ಕೇಳಿದಿರಿ. ಈಗಿನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಕೇಳಿದವರಿಗೆ ಕರೆಂಟ್ ಕೊಡುವುದು ಪರವಾನಗಿ ಪಡೆದವರ ಕರ್ತವ್ಯ. ಹೊಸ ಕರಡು ದೊಡ್ಡ ಗ್ರಾಹಕರ ಮಟ್ಟಿಗೆ ಆ ಕರ್ತವ್ಯದಿಂದ ವಿನಾಯಿತಿ ಕೊಡಲು ಆಯೋಗಕ್ಕೆ ಅವಕಾಶ ಮಾಡಿದೆ. ನಿಮ್ಮ ಮಟ್ಟಿಗೆ ಕರ್ತವ್ಯ ಉಳಿಯುತ್ತದೆ. ನನ್ನ ಚಿಂತೆ ಬೇರೆ: ಕರ್ತವ್ಯ ಹೊತ್ತವನ ಕೈಯಲ್ಲಿ ಹಣ ಉಳಿಯುತ್ತದೆಯೇ? ಒಳ್ಳೆಯ ಗ್ರಾಹಕರು ಕೈಬಿಟ್ಟು ಹೋದ ಮೇಲೆ ಹಳೆಯ ಕಂಪನಿಗೆ ಉಳಿಯುವುದು ಬೆಟ್ಟ, ಕಾಡು, ಪಂಪ್‌ಸೆಟ್. ಅದು ಮೂವರು ಲೈನ್‌ಮನ್‌ಗಳನ್ನು ಇಬ್ಬರಿಗೆ ಇಳಿಸುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ, ಸುಧಾರಣೆಯ ಬಿಲ್ ಎಷ್ಟು ತಡವಾಗಿ ಮನೆಗೆ ಬರುತ್ತದೆ ಎನ್ನುವುದಕ್ಕೆ. ನಿಮ್ಮ ಬಿಲ್ಲಿನಲ್ಲಿ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ಹೆಚ್ಚಾಗಿ ಸೇರಿದೆ, ಪಿಂಚಣಿ ಮತ್ತು ಗ್ರಾಚ್ಯುಟಿ ಎಂದು. ನನ್ನಂತಹವರ ಪಿಂಚಣಿ ಅದು. ಮಂಡಳಿ ಒಡೆದಾಗ ಸರ್ಕಾರ ತನ್ನ ಮೇಲೆ ಹೊತ್ತುಕೊಂಡ ಪಾಲು ಕಾಲು ಶತಮಾನದ ಮೇಲೆ ಗ್ರಾಹಕರ ಹೆಗಲಿಗೆ ಬಂದಿದೆ. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ.

ಈಗ ನೋಟ್‌ಬುಕ್. ಕಂಪನಿಯ ಸೇವೆಗೆ ಆಯೋಗ ನಿಯಮ ಮಾಡಿದೆ. ಟಿಸಿ ಸುಟ್ಟರೆ ಹಳ್ಳಿಯಲ್ಲಿ 72 ಗಂಟೆಯೊಳಗೆ ಬದಲಿಸಬೇಕು ಎಂಬ ಹಾಗೆ ಒಂದೊಂದು ದೋಷಕ್ಕೂ ಗಡುವಿದೆ, ತಪ್ಪಿದರೆ ಪರಿಹಾರ ಕೊಡಬೇಕು. ಆದರೆ ಪ್ರಕೃತಿ ವಿಕೋಪವಾದರೆ ಗಡುವು ಅನ್ವಯಿಸುವುದಿಲ್ಲ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲವೂ ಆ ಒಂದು ಪದದೊಳಗೆ ಹೋಗಿಬಿಡುತ್ತದೆ. ನಾನು ಕೆಲಸದಲ್ಲಿದ್ದಾಗ ನಾನೇ ಹಾಗೆ ಬರೆದು ಕಳಿಸಿದ್ದೇನೆ. ನಿಮ್ಮ ಪುಟದಲ್ಲಿ ಎಡಕ್ಕೆ ಮಳೆ, ಬಲಕ್ಕೆ ಕರೆಂಟ್ ಇದೆ. ಎಂಟು ಇಂಚು ಸುರಿದ ದಿನ ಕಂಬ ಬಿದ್ದರೆ ಅದು ವಿಕೋಪ, ಒಪ್ಪೋಣ. ನಲವತ್ತು ಸೆಂಟು ಬಿದ್ದ ದಿನವೂ ಕರೆಂಟ್ ಇಲ್ಲದಿದ್ದರೆ ಅದು ಮುಂಗಾರಿಗೆ ಮುಂಚೆ ಕಡಿಯದೆ ಬಿಟ್ಟ ಕೊಂಬೆ. ಎರಡೂ ಅಂಕಣ ಒಂದೇ ಪುಟದಲ್ಲಿ ಇರುವ ದಾಖಲೆಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ. ಅಂತಹ ದಿನಗಳು ಎಷ್ಟಿವೆ, ಎಣಿಸಿ ನೋಡಿ.

ಮೈಸೂರಿಗೆ ಖಂಡಿತ ಹೋಗಿ. ದರ ಅರ್ಜಿಯ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಅದರಲ್ಲಿ ಹೇಳಿದ ದಿನದೊಳಗೆ ಬರಹದಲ್ಲಿ ಆಕ್ಷೇಪಣೆ ಕಳುಹಿಸಿ. ಯಾರು ಬೇಕಾದರೂ ಕಳುಹಿಸಬಹುದು, ವಕೀಲರು ಬೇಡ.

ಉತ್ತರ: ಕೂಡ್ಲೂರು ಕಾಫಿ ಪುಡಿ

ಸರ್ ಹೇಳಿದ್ದರಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ನನ್ನದೊಂದು ಸಣ್ಣ ಘಟಕವಿದೆ, ಕಾಫಿ ಹುರಿದು ಪುಡಿ ಮಾಡುವುದು. ಹುರಿಯುವಾಗ ಅರ್ಧ ನಿಮಿಷ ಕರೆಂಟ್ ಹೋದರೂ ಡ್ರಮ್ ನಿಲ್ಲುತ್ತದೆ. ಕೈಯಲ್ಲಿ ತಿರುಗಿಸಿ ಹೊರಗೆ ಸುರಿಯುವಷ್ಟರಲ್ಲಿ ಹದಿನೈದು ಕಿಲೋ ಬೀಜದ ಒಂದು ಮಗ್ಗುಲು ಕರಿಕಾಗಿರುತ್ತದೆ. ಅದನ್ನು ಯಾರಿಗೂ ಮಾರಲು ಆಗುವುದಿಲ್ಲ. ಹೀಗೆ ಎಷ್ಟು ಸಲ ಆಗಿದೆ ಎಂದು ಹೇಳಿದರೂ ಕೇಳುವವರಿಲ್ಲ, ಏಕೆಂದರೆ ನಾನು ಬೇರೆ ಎಲ್ಲಿಗೂ ಹೋಗುವ ಹಾಗಿಲ್ಲ ಎಂದು ಅವರಿಗೆ ಗೊತ್ತು. ಇನ್ನೊಬ್ಬರು ಬರಲಿ ಎಂದು ನಾನು ಬಯಸುವುದು ಅಗ್ಗದ ಯೂನಿಟ್‌ಗಾಗಿ ಅಲ್ಲ. ಹೋಗುತ್ತೇನೆ ಎಂದು ಹೇಳುವ ಶಕ್ತಿ ನನ್ನ ಕೈಯಲ್ಲಿ ಇರಬೇಕು ಎಂಬುದಕ್ಕಾಗಿ.

2022ರ ಹಸಿರು ವಿದ್ಯುತ್ ನಿಯಮ ಬಂದಾಗ ಆಸೆಯಿಂದ ಓದಿದೆ. ತಮಗೆ ಬೇಕಾದವರಿಂದ ಕೊಳ್ಳಲು ಇರಬೇಕಾದ ಲೋಡಿನ ಮಿತಿ ಮೊದಲು ಒಂದು ಮೆಗಾವಾಟ್ ಇತ್ತು, ಅದನ್ನು 100 ಕಿಲೋವಾಟ್‌ಗೆ ಇಳಿಸಿದ್ದರು. ನನ್ನ ಲೋಡ್ ಅದರ ಅರ್ಧವೂ ಇಲ್ಲ. ದೊಡ್ಡವರಿಗೆ ಆಯ್ಕೆ ಕೊಟ್ಟಾಗಿದೆ, ತೀರಾ ಸಣ್ಣವರಿಗೆ ಉಚಿತ ಕೊಟ್ಟಾಗಿದೆ. ನಡುವೆ ಇರುವ ನಮ್ಮಂತಹವರು ಎರಡೂ ಇಲ್ಲದೆ ಬಿಲ್ ಕಟ್ಟುತ್ತಿದ್ದೇವೆ. ಅಕ್ಕನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅವರ ತಂತಿ ಉಳಿಯಬೇಕೆಂದು ನನ್ನ ಕೈಕಟ್ಟಿ ಹಾಕುವುದು ಎಷ್ಟು ವರ್ಷ? ಬೆಟ್ಟದ ತಂತಿಗೆ ಬೇಕಾದ ಹಣವನ್ನು ಸರ್ಕಾರ ಬಜೆಟ್‌ನಲ್ಲಿ ನೇರವಾಗಿ ಇಡಲಿ, ನನ್ನ ಬಿಲ್ಲಿನೊಳಗೆ ಬಚ್ಚಿಡುವುದು ಬೇಡ.

ಉತ್ತರ: ಮಾಜಿ ಸೈನಿಕ, ಪೊನ್ನಂಪೇಟೆ

ನಾನು ಸೈನ್ಯದಿಂದ ಬಂದ ಮೇಲೆ ನಾಲ್ಕು ವರ್ಷ ಭುವನೇಶ್ವರದಲ್ಲಿ ಒಬ್ಬ ಗುತ್ತಿಗೆದಾರರ ಬಳಿ ಕೆಲಸಕ್ಕಿದ್ದೆ, ಕಂಬ, ತಂತಿ, ಇನ್ಸುಲೇಟರ್ ದಾಸ್ತಾನು ನೋಡಿಕೊಳ್ಳುವುದು. 2000ದಿಂದ 2004. ಹಾಗಾಗಿ ಒಡಿಶಾದ ಕಥೆ ಹೇಳಬೇಕು, ಕೊಡಗಿನವರು ಅದನ್ನು ತಿಳಿಯಬೇಕು.

ದೇಶದಲ್ಲಿ ಮೊದಲು ಸುಧಾರಣೆ ಮಾಡಿದ್ದು ಒಡಿಶಾ. ಕಾಯ್ದೆ 1995ರದ್ದು, 1996ರ ಏಪ್ರಿಲ್‌ನಿಂದ ಜಾರಿಗೆ ಬಂತು. 1999ರಲ್ಲಿ ವಿತರಣೆಯನ್ನು ಖಾಸಗಿಯವರಿಗೆ ಕೊಟ್ಟರು. ನಾಲ್ಕು ವಲಯಗಳಲ್ಲಿ ಮೂರು ಮುಂಬೈನ ಬಿಎಸ್‌ಇಎಸ್ ಕಂಪನಿಗೆ, ಭುವನೇಶ್ವರ, ಕಟಕ್ ಇರುವ ಮಧ್ಯ ವಲಯ ಅಮೆರಿಕದ ಎಇಎಸ್ ಕಂಪನಿಗೆ. ಕೆಲವೇ ವಾರಗಳಲ್ಲಿ, ಅಕ್ಟೋಬರ್ 29ರಂದು, ಮಹಾ ಚಂಡಮಾರುತ ಅಪ್ಪಳಿಸಿತು. ಕರಾವಳಿಯ ಕಂಬಗಳು ಹುಲ್ಲಿನ ಕಡ್ಡಿಯ ಹಾಗೆ ಮಲಗಿದವು. ನಾನು ಹೋದಾಗಲೂ ಎಷ್ಟೋ ಹಳ್ಳಿಗಳಲ್ಲಿ ಕಂಬ ಗದ್ದೆಯಲ್ಲೇ ಬಿದ್ದಿತ್ತು, ಅದರ ಮೇಲೆ ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು. ಹಣ ಯಾರು ಹಾಕಬೇಕು ಎಂದು ಕಂಪನಿ, ಸರ್ಕಾರ, ಆಯೋಗದ ನಡುವೆ ಎಳೆದಾಟ ನಡೆಯಿತು. 2001ರಲ್ಲಿ ಎಇಎಸ್ ಬಿಟ್ಟು ಹೋಯಿತು. ಆಯೋಗ ಆಡಳಿತಾಧಿಕಾರಿಯನ್ನು ನೇಮಿಸಿ ಮಧ್ಯ ವಲಯ ನಡೆಸಬೇಕಾಯಿತು. ಉಳಿದ ಮೂರು ವಲಯಗಳ ಪರವಾನಗಿ 2015ರಲ್ಲಿ ರದ್ದಾಯಿತು. 2020 ಮತ್ತು 2021ರಲ್ಲಿ ನಾಲ್ಕನ್ನೂ ಟಾಟಾ ಪವರ್ ವಹಿಸಿಕೊಂಡಿತು, ಶೇಕಡಾ 51 ಅವರದ್ದು, 49 ಸರ್ಕಾರದ್ದು. ಮೊದಲ ಪ್ರಯತ್ನದಿಂದ ಅಲ್ಲಿಗೆ ಇಪ್ಪತ್ತು ವರ್ಷ ದಾಟಿತು.

ಖಾಸಗಿ ಎಂದ ಕೂಡಲೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆಪತ್ತು ಬಂದ ದಿನ ಓಡಿಹೋಗಲು ಬಾಗಿಲು ಇರಬಾರದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಬೆಟ್ಟ ಜಾರಿದಾಗ ಏನಾಯಿತು ನೆನಪಿಸಿಕೊಳ್ಳಿ. ಬೇರೆ ಜಿಲ್ಲೆಗಳ ಲೈನ್‌ಮನ್‌ಗಳು ಲಾರಿಗಳಲ್ಲಿ ಬಂದರು. ನಮ್ಮ ಮನೆಯಲ್ಲಿ ಇಬ್ಬರು ಉಳಿದುಕೊಂಡಿದ್ದರು, ಬಯಲುಸೀಮೆಯ ಹುಡುಗರು, ಜಿಗಣೆಯನ್ನು ಅದೇ ಮೊದಲು ಕಂಡವರು. ಯಾರ ಕಂಪನಿ, ಯಾರ ಖರ್ಚು ಎಂದು ಆಗ ಯಾರೂ ಕೇಳಲಿಲ್ಲ. ಐದು ಕಂಪನಿ ಇದ್ದರೂ ಹಿಂದೆ ಒಂದೇ ಸರ್ಕಾರವಿತ್ತು. ನಾಳೆ ಬೇರೆ ಬೇರೆ ಮಾಲೀಕರು ಬಂದಾಗ ಇದು ಕಾಗದದಲ್ಲಿ ಬರೆದಿರಬೇಕು.

ಇನ್ನೊಂದು ವಿಷಯ. ನಮ್ಮ ದಕ್ಷಿಣ ಕೊಡಗಿನ ತೋಟಗಳ ಮೇಲೆ ಮೈಸೂರು–ಕೋಯಿಕ್ಕೋಡ್ 400 ಕೆವಿ ಮಾರ್ಗ ಹಾದುಹೋಗುತ್ತದೆ. ಮರ ಕಡಿಯುವುದನ್ನು ವಿರೋಧಿಸಿ ಎಷ್ಟು ಹೋರಾಟ ನಡೆಯಿತೋ ನಿಮಗೆಲ್ಲ ಗೊತ್ತು. ಮಂಜು ಬಿದ್ದ ಬೆಳಗಿನಲ್ಲಿ ಅದರ ಕೆಳಗೆ ನಿಂತರೆ ತಂತಿ ಜೇನಿನ ಹಾಗೆ ಗುಂಯ್‌ಗುಟ್ಟುತ್ತದೆ. ದೇಶದ ಮಾರುಕಟ್ಟೆಗೆ ದಾರಿ ಬೇಕಾದಾಗ ಕೊಡಗು ಮರ ಕೊಟ್ಟಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದೂ ತಲಕಾವೇರಿಯಲ್ಲಿ ಹುಟ್ಟಿದ ನೀರಿನಿಂದಲೇ. ಕೊಟ್ಟದ್ದಕ್ಕೆ ಲೆಕ್ಕ ಕೇಳುವುದು ನಮ್ಮ ಅಭ್ಯಾಸವಲ್ಲ, ಆದರೆ ಈ ಒಂದು ಸಲ ಕೇಳಬೇಕು.

ಕಕ್ಕಬ್ಬೆ ಬೆಳೆಗಾರ್ತಿ

ಮೂವರಿಗೂ ಕೃತಜ್ಞತೆಗಳು. ಸರ್, ನೀವು ಹೇಳಿದ ಮೇಲೆ ನಿನ್ನೆ ರಾತ್ರಿ ಮಗಳೊಂದಿಗೆ ಕುಳಿತು ಈ ವರ್ಷದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಣಿಸಿದೆ. ನಾಲ್ಕು ಗಂಟೆಗಿಂತ ಹೆಚ್ಚು ಕರೆಂಟ್ ಇಲ್ಲದ ದಿನಗಳು 58. ಅದರಲ್ಲಿ ಒಂದು ಇಂಚಿಗಿಂತ ಕಡಿಮೆ ಮಳೆ ಬಿದ್ದ ದಿನಗಳು 23. ಎರಡು ಸಲ ಎಣಿಸಿದೆವು. ಇಷ್ಟು ದಿನ ನಾನೂ ಎಲ್ಲದಕ್ಕೂ ಮಳೆಯನ್ನೇ ಕಾರಣ ಎಂದುಕೊಂಡಿದ್ದೆ, ನನ್ನ ಕೈಬರಹವೇ ಬೇರೆ ಹೇಳುತ್ತಿತ್ತು.

ನನ್ನ ಕಡೆಯ ಒಂದು ತಪ್ಪನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಕೊಂಬೆ ಕಡಿಯಲು ಬಂದವರನ್ನು ನಾನು ತಡೆದೆ. ಆ ಮರಕ್ಕೆ ಹದಿನಾಲ್ಕು ವರ್ಷದ ಮೆಣಸಿನ ಬಳ್ಳಿ ಹಬ್ಬಿತ್ತು, ತುದಿ ಕಡಿದರೆ ಬಳ್ಳಿಯೂ ಹೋಗುತ್ತಿತ್ತು. ನಮ್ಮ ಸಾಲಿನ ಹೆಚ್ಚಿನ ತೋಟದವರು ಹೀಗೆಯೇ ಮಾಡುತ್ತಾರೆ. ಆ 23 ದಿನಗಳಲ್ಲಿ ಕೆಲವು ನಮ್ಮ ಮರಗಳದ್ದೇ ಆಗಿರಬೇಕು. ಬರುವ ಏಪ್ರಿಲ್‌ನಲ್ಲಿ ಆ ಮರದ ತುದಿ ನಾವೇ ಕಡಿಸುತ್ತೇವೆ. ಪಕ್ಕದ ಮೂರು ತೋಟದವರ ಬಳಿ ಮಾತನಾಡಿದೆ, ಇಬ್ಬರು ಒಪ್ಪಿದ್ದಾರೆ.

ಕೂಡ್ಲೂರಿನ ತಮ್ಮನಿಗೆ: ನಿಮ್ಮ ಕೈ ಕಟ್ಟಿಹಾಕಿ ನಮ್ಮ ತಂತಿ ಉಳಿಸಿಕೊಳ್ಳುವ ಆಸೆ ನನಗಿಲ್ಲ. ಬಜೆಟ್‌ನಲ್ಲಿ ನೇರವಾಗಿ ಇಡಲಿ ಎಂದಿರಿ, ನ್ಯಾಯವಾದ ಮಾತು. ಆದರೆ ಆ ಹಣ ಮೊದಲು ಬರಲಿ, ಆಮೇಲೆ ನಿಮ್ಮ ಬಿಲ್ಲಿನಿಂದ ಭಾರ ಇಳಿಯಲಿ. ಮೊದಲು ಭಾರ ಇಳಿಸಿ ಆಮೇಲೆ ಹಣ ನೋಡೋಣ ಎಂದರೆ, ನಡುವಿನ ವರ್ಷಗಳಲ್ಲಿ ಅತ್ತೆಯ ಮಂಚದ ಕೆಳಗಿನ ಯಂತ್ರ ನೋಡಿಕೊಂಡು ಕುಳಿತಿರಬೇಕಾಗುತ್ತದೆ.

ಆಕ್ಷೇಪಣೆಯಲ್ಲಿ ಮೂರು ವಿಷಯ ಬರೆಯುತ್ತೇನೆ. ವಿಕೋಪ ಎಂಬ ಪದವನ್ನು ಇಷ್ಟು ಇಂಚು ಮಳೆ ಎಂದು ಅಳತೆ ಹಾಕಿ ಬರೆಯಬೇಕು. ಬೆಟ್ಟದ ಫೀಡರ್‌ಗಳಿಗೆ ಎಷ್ಟು ಲೈನ್‌ಮನ್‌ಗಳು ಇರಬೇಕು ಎಂಬುದನ್ನು ಮೀಟರ್‌ಗಳ ಸಂಖ್ಯೆಯಿಂದ ಅಲ್ಲ, ತಂತಿಯ ಉದ್ದದಿಂದ ಲೆಕ್ಕ ಹಾಕಬೇಕು. ಕರೆಂಟ್ ಇಲ್ಲದ ದಿನಗಳ ನಿಗದಿತ ಶುಲ್ಕವನ್ನು ಆ ತಿಂಗಳ ಬಿಲ್ಲಿನಲ್ಲೇ ಕಳೆಯಬೇಕು. ಪೊನ್ನಂಪೇಟೆಯ ಅಣ್ಣ ಹೇಳಿದ ಆಪತ್ತಿನ ದಿನದ ಹೊಣೆ ಈ ಆಯೋಗದ ಮುಂದೆ ಇಡುವ ವಿಷಯವೋ, ಕೇಂದ್ರಕ್ಕೆ ಬರೆಯುವ ವಿಷಯವೋ ನನಗೆ ತಿಳಿಯುತ್ತಿಲ್ಲ. ಸರ್, ನೀವು ಹೇಳಿದರೆ ಅದನ್ನೂ ಸೇರಿಸುತ್ತೇನೆ.

ನಿವೃತ್ತ ಎಂಜಿನಿಯರ್, ಕುಶಾಲನಗರ

ಎರಡೂ ಕಡೆ ಬರೆಯಿರಿ. ಕರಡು ಕೇಂದ್ರದ್ದು, ಅದರ ಬಗ್ಗೆ ಇಂಧನ ಸಚಿವಾಲಯಕ್ಕೆ ಮತ್ತು ನಮ್ಮ ಸಂಸದರಿಗೆ. ಪರವಾನಗಿಯ ಷರತ್ತು, ಸೇವಾ ಗಡುವು ರಾಜ್ಯದ ಆಯೋಗದ ಕೈಯಲ್ಲಿವೆ, ಲೈನ್‌ಮನ್‌ಗಳ ಲೆಕ್ಕ ಅಲ್ಲಿಗೆ. ತಂತಿಯ ಉದ್ದದ ಮಾತು ಬಹಳ ಚೆನ್ನಾಗಿದೆ, ಅದನ್ನು ಮೊದಲು ಇಡಿ. ನಿಮ್ಮ ಆರ್‌ಆರ್ ನಂಬರ್ ಮೇಲ್ಗಡೆ ಬರೆಯಲು ಮರೆಯಬೇಡಿ. ಪೆನ್ಸಿಲ್ ಬರಹದ ಪುಟಗಳನ್ನು ಕಳುಹಿಸುವ ಮುನ್ನ ನೆರಳಚ್ಚು ಮಾಡಿಸಿ, ಮೂಲ ಪುಸ್ತಕ ನಿಮ್ಮಲ್ಲೇ ಇರಲಿ. ವಿಚಾರಣೆಯ ದಿನ ನಾನೂ ಮೈಸೂರಿಗೆ ಬರುತ್ತೇನೆ.

ಕಕ್ಕಬ್ಬೆ ಬೆಳೆಗಾರ್ತಿ

ಆಗಲಿ ಸರ್. ಪುತ್ತರಿ ಹಬ್ಬ ಮುಗಿದ ಮೇಲೆ ನಾಪೋಕ್ಲುವಿಗೆ ಹೋಗಿ ನೆರಳಚ್ಚು ಮಾಡಿಸುತ್ತೇನೆ. ಭಾಗಮಂಡಲ, ಚೇರಂಬಾಣೆ, ಮೂರ್ನಾಡು ಕಡೆಯವರು ಯಾರಾದರೂ ಮಳೆಯ ಲೆಕ್ಕದ ಪುಸ್ತಕ ಇಟ್ಟಿದ್ದರೆ, ಇವತ್ತಿನಿಂದಲೇ ಬಲಗಡೆ ಒಂದು ಗೆರೆ ಎಳೆಯಿರಿ. ಹೇಗೆ ಬರೆಯುತ್ತೇನೆ ಎಂದು ತೋರಿಸಲು ನಾಳೆ ಜುಲೈ ಪುಟದ ಚಿತ್ರ ಇಲ್ಲಿ ಹಾಕುತ್ತೇನೆ, ಕರೆಂಟ್ ಇದ್ದರೆ ಬೆಳಿಗ್ಗೆಯೇ.